ಹಿತ್ತಿಲ ನೆಲದಡಿಯ ಮೋರಿ

ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಹೂತುಹೋದ ಮೋರಿಯನ್ನು ಹುಡುಕಲು ಕರೆದರೆ, ಹಾರೆ ಎತ್ತುವ ಮೊದಲು ನಾನು ಮನೆ ಕಟ್ಟಿದ ಇಸವಿ ಕೇಳುತ್ತೇನೆ. ಹಳೆ ಮನೆಗಳ ದುರಸ್ತಿ ನನ್ನ ಕಸುಬು. ಬಚ್ಚಲ ನೀರು ಕಟ್ಟಿಕೊಂಡಿರುವಾಗ ಇಸವಿ ಯಾಕೆ ಎಂದು ಮನೆಯವರು ಮುಖ ನೋಡುತ್ತಾರೆ. ಇಸವಿ ಗೊತ್ತಾದರೆ ನೀರು ಯಾವ ದಿಕ್ಕಿಗೆ ಹೋಗುತ್ತಿತ್ತು, ಗೋಡೆಯಿಂದ ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ಎಂಬುದು ಮುಕ್ಕಾಲು ಪಾಲು ತಿಳಿದ ಹಾಗೆ. ಅಂಗಳದ ಕೆಳಗಿನ ಮೋರಿಗೂ ಚರಿತ್ರೆ ಉಂಟು. ಅದನ್ನು ತಿಳಿಯದೆ ಅಗೆದರೆ ಹಿತ್ತಿಲು ಹಾಳಾಗುತ್ತದೆ, ಮೋರಿ ಸಿಗುವುದಿಲ್ಲ.

ಪೇಟೆಯ ತೊಟ್ಟಿಮನೆಗಳ ಲೆಕ್ಕವೇ ಬೇರೆ. ನಾಲ್ಕೂ ಕಡೆಯ ಮಾಡಿನ ನೀರು ನಡುವಿನ ತೊಟ್ಟಿಗೆ ಸುರಿಯುತ್ತಿತ್ತು. ತೊಟ್ಟಿಯ ಮೂಲೆಯಲ್ಲೊಂದು ತೂತು. ಅಲ್ಲಿಂದ ಚಪ್ಪಡಿ ಮುಚ್ಚಿದ ಕಿರುಗಾಲುವೆ ಪಡಸಾಲೆಯ ಕೆಳಗೆ, ಜಗಲಿಯ ಕೆಳಗೆ ಹಾದು ಬೀದಿಯ ಮೋರಿ ಸೇರುತ್ತಿತ್ತು. ಗೋಡೆಗೆ ಗೋಡೆ ಅಂಟಿಕೊಂಡಿದ್ದ ಬೀದಿಗಳಲ್ಲಿ ನೀರಿಗೆ ಬೇರೆ ದಾರಿಯೇ ಇರಲಿಲ್ಲ; ಜನ ಮಲಗುವ ನೆಲದಡಿಯಲ್ಲೇ ಅದು ಹರಿಯಬೇಕಿತ್ತು. ಇಂಥ ಮನೆಯಲ್ಲಿ ಹುಡುಕಾಟ ಸುಲಭ. ಹಾಸುಗಲ್ಲಿನ ಮೇಲೆ ಹಾರೆ ಕುಟ್ಟುತ್ತಾ ಹೋದರೆ, ಕೆಳಗೆ ಟೊಳ್ಳಿರುವಲ್ಲಿ ಸದ್ದು ಬದಲಾಗುತ್ತದೆ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಪೇಟೆ ಬಿಟ್ಟು ಬಯಲಲ್ಲಿ ಜೋಪಡಿ ಹಾಕಿಕೊಂಡರು. ಮೊದಲೇ ಯೋಚನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಕೆಲಸ ಚುರುಕಾಯಿತು. ಆಗಿನ ಅಧಿಕಾರಿಗಳಲ್ಲಿ, ವೈದ್ಯರಲ್ಲಿ ಬಹಳ ಮಂದಿ ರೋಗಕ್ಕೆ ಕೊಳಕು, ಕತ್ತಲೆ ಕೋಣೆ, ಮೋರಿಯ ಕೆಟ್ಟ ಗಾಳಿ ಕಾರಣವೆಂದು ನಂಬಿದ್ದರು. ಅದೇ ವರ್ಷ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಚಿಗಟ ರೋಗವನ್ನು ದಾಟಿಸುತ್ತದೆ ಎಂದು ತೋರಿಸಿದರು. ಆ ಮಾತನ್ನು ಜಗತ್ತು ಒಪ್ಪಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಕೆಟ್ಟ ಗಾಳಿಯ ನಂಬಿಕೆ ನಮ್ಮ ಬಡಾವಣೆಗಳ ನಕ್ಷೆ ಬರೆದಾಗಿತ್ತು. ನೇರ ರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ, ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಎಲ್ಲವೂ ಆ ಭಯದಿಂದ ಹುಟ್ಟಿದವು. ನಂಬಿಕೆ ತಪ್ಪಾಗಿತ್ತು. ಆದರೂ ಗಾಳಿ ಬೆಳಕಿನ ಮನೆಗಳನ್ನು ಕಟ್ಟಿಸಿದ್ದು ಅದೇ, ಆ ಮಟ್ಟಿಗೆ ಅದಕ್ಕೆ ನಾವು ಋಣಿಗಳು.

ಆ ಕನ್ಸರ್ವೆನ್ಸಿ ಓಣಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಗ ಎಷ್ಟೋ ಕಡೆ ಅದನ್ನು ಎರಡೂ ಬದಿಯವರು ಒತ್ತಿಕೊಂಡಿದ್ದಾರೆ. ಉಳಿದ ಕಡೆ ಸ್ಕೂಟರ್ ನಿಲ್ಲುತ್ತವೆ. ಕಕ್ಕಸು ಹಿತ್ತಿಲ ಕೊನೆಯಲ್ಲಿ, ಓಣಿಗೆ ತಾಗಿಕೊಂಡು ಇರುತ್ತಿತ್ತು. ಅದರ ಹಿಂಬದಿಯಲ್ಲಿ ಓಣಿಗೆ ತೆರೆಯುವ ಸಣ್ಣ ಬಾಗಿಲು. ಮಲ ಬಾಚಿ ಹೊರುವ ಜನ ಮುಂಬಾಗಿಲಿಗೆ ಬರಬಾರದು, ಮನೆಯವರ ಕಣ್ಣಿಗೆ ಬೀಳಬಾರದು ಎಂಬುದಕ್ಕೇ ಆ ದಾರಿ. ನೈರ್ಮಲ್ಯದ ಹೆಸರಿನ ನಕ್ಷೆಯೊಳಗೆ ಜಾತಿಯೂ ಗೆರೆ ಎಳೆದಿತ್ತು. ಹಳೆಯ ಕಾಂಪೌಂಡುಗಳಲ್ಲಿ ಆ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದ ಗುರುತು ಇಂದಿಗೂ ಕಾಣುತ್ತದೆ. ನನ್ನ ಕೆಲಸಕ್ಕೆ ಅದು ಬಹಳ ದೊಡ್ಡ ಸುಳಿವು.

ಬೆಂಗಳೂರಿನಲ್ಲಿ ಒಳಚರಂಡಿ ಕೆಲಸ ಶುರುವಾದದ್ದು 1922ರಲ್ಲಿ. ಅದು ದೊಡ್ಡ ಪ್ರಮಾಣದಲ್ಲಿ ಹರಡಿದ್ದು 1950ರ ನಂತರ. ಜಲಮಂಡಳಿ ಬಂದದ್ದು 1964ರಲ್ಲಿ. ಮುಖ್ಯ ಕೊಳವೆ ಹಿಂದಿನ ಓಣಿಯಲ್ಲಿ ಹೋದ ಕಡೆ ಮನೆಯ ನೀರು ಹಿಂದಕ್ಕೇ ಹೋಯಿತು. ಮುಂದಿನ ರಸ್ತೆಯಲ್ಲಿ ಹೋದ ಕಡೆ ಹಿತ್ತಿಲ ಕಕ್ಕಸಿನಿಂದ ರಸ್ತೆಯವರೆಗೆ ಪಕ್ಕದ ಸಂದಿಯುದ್ದಕ್ಕೂ ಕೊಳವೆ ಹೂಳಬೇಕಾಯಿತು. ಇಂಗ್ಲೆಂಡಿನಿಂದ ಬಂದ ಕಟ್ಟಳೆ ಇಲ್ಲಿ ಕೆಲಸ ಮಾಡಿತು: ಕೊಳಕು ನೀರು ಮನೆಯ ಕೆಳಗೆ ಹಾಯಬಾರದು, ಕೊಳವೆ ನೆಟ್ಟಗಿರಬೇಕು, ತಿರುಗುವಲ್ಲಿ ಚೇಂಬರ್ ಇರಬೇಕು. ಆದ್ದರಿಂದ ಹಳೆಯ ಕೊಳವೆಯನ್ನು ಗೋಡೆಯ ಹೊರಗೆ ಹುಡುಕಬೇಕು. ಅಲ್ಲಿ ಸಿಗದಿದ್ದರೆ, ಆಮೇಲೆ ಸೇರಿಸಿದ ಕೋಣೆ ಯಾವುದೆಂದು ಕೇಳಬೇಕು. ಸಂದಿಯ ಮೇಲೆ ಉಗ್ರಾಣವನ್ನೋ ಗ್ಯಾರೇಜನ್ನೋ ಕಟ್ಟಿ, ಚೇಂಬರಿನ ಮೇಲೆ ನೆಲ ಹಾಸಿಬಿಟ್ಟಿರುತ್ತಾರೆ.

ಆಳಕ್ಕೂ ಲೆಕ್ಕವಿದೆ. ನಾಲ್ಕು ಇಂಚಿನ ಕೊಳವೆಗೆ 40 ಅಡಿಗೆ ಒಂದಡಿ ವಾಟ, ಆರು ಇಂಚಿನದಕ್ಕೆ 60 ಅಡಿಗೆ ಒಂದಡಿ. ಹಳೆಯ ಮೇಸ್ತ್ರಿಗಳು ಇದನ್ನು ಬಾಯಿಪಾಠದಲ್ಲಿ ಇಟ್ಟುಕೊಂಡಿದ್ದರು. ರಸ್ತೆಯ ಚೇಂಬರಿನಲ್ಲಿ ಕೊಳವೆ ನಾಲ್ಕು ಅಡಿ ಆಳದಲ್ಲಿದ್ದು, ನೆಲ ಸಮತಟ್ಟಾಗಿದ್ದರೆ, 60 ಅಡಿ ಹಿಂದೆ ನಾಲ್ಕು ಇಂಚಿನ ಕೊಳವೆ ಎರಡೂವರೆ ಅಡಿ ಆಳದಲ್ಲಿರಬೇಕು.

ಒಂದು ಮನೆಯ ಯಜಮಾನಿಗೆ ತೊಂಬತ್ತರ ಹತ್ತಿರ ವಯಸ್ಸು. ಮಕ್ಕಳಿಗೆ ಯಾರಿಗೂ ಕೊಳವೆ ಎಲ್ಲಿದೆ ಎಂದು ತಿಳಿಯದು. ನಾನು ಅವರನ್ನೇ ಕೇಳಿದೆ: “ಅಜ್ಜಿ, ಮೊದಲು ಕಕ್ಕಸು ಎಲ್ಲಿತ್ತು?”

“ಹಿತ್ತಿಲ ಮೂಲೇಲಿ ಕಣಪ್ಪ, ಸಂಪಿಗೆ ಮರದಿಂದಾಚೆ. ರಾತ್ರಿ ಹೊತ್ತು ಲಾಟೀನು ಹಿಡ್ಕೊಂಡು ಹೋಗ್ಬೇಕಿತ್ತು. ಆಮೇಲೆ ನಮ್ಮ ಮಾವನೋರು ಒಳಗಡೆ ಕಟ್ಟಿಸಿದ್ರು. ರಸ್ತೇವರೆಗೂ ಅಗೆದಿದ್ರು ಆಗ, ನಾನು ತುಳಸಿಕಟ್ಟೆ ಜರುಗಿಸಬೇಕಾಯ್ತು.”

ತುಳಸಿಕಟ್ಟೆ ಮೊದಲಿದ್ದ ಜಾಗವನ್ನು ಅವರು ಕೋಲಿನಿಂದ ತೋರಿಸಿದರು. ಹಳೆಯ ಕಕ್ಕಸಿನ ಮೂಲೆ ಒಂದು ತುದಿ, ರಸ್ತೆಯ ಚೇಂಬರ್ ಇನ್ನೊಂದು ತುದಿ, ನಡುವೆ ತುಳಸಿಕಟ್ಟೆ. ದಾರ ಹಿಡಿದೆವು. ಬಚ್ಚಲ ಕಡೆಯಿಂದ ಬಿದಿರ ದಬ್ಬೆ ತೂರಿಸಿ, ತಡೆದಲ್ಲಿಗೆ ಗುರುತು ಹಾಕಿ ಎಳೆದುಕೊಂಡು, ಅಷ್ಟೇ ಉದ್ದವನ್ನು ದಾರದ ಪಕ್ಕ ನೆಲದ ಮೇಲೆ ಅಳೆದೆವು. ಅಳತೆ ಸಂಪಿಗೆ ಮರದ ಬುಡಕ್ಕೆ ಬಂತು. ಅಗೆದಾಗ ಜೇಡಿಮಣ್ಣಿನ ಕೊಳವೆ ಸಿಕ್ಕಿತು, ಒಳಗೆ ಬೇರಿನ ಗಂಟು. ಈ ಕೊಳವೆಗಳು ಎರಡೆರಡು ಅಡಿಯ ತುಂಡುಗಳು. ಪ್ರತಿ ಕೂಡಿಕೆಗೂ ಸಣಬು ತುರುಕಿ ಸಿಮೆಂಟು ಮೆತ್ತಿರುತ್ತಾರೆ. ಸಿಮೆಂಟು ಬಿರುಕು ಬಿಟ್ಟಲ್ಲಿ ಬೇರು ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಂಗಳದ ಒಂದೇ ಪಟ್ಟಿಯಲ್ಲಿ ಹುಲ್ಲು ಹಸಿರಾಗಿದ್ದರೆ ಅದರಡಿ ಕೂಡಿಕೆ ಸೋರುತ್ತಿದೆಯೇ ಎಂದು ನೋಡುವುದು ಇದಕ್ಕೇ.

ಮಳೆನೀರಿನ ಕೊಳವೆ ಪ್ರತ್ಯೇಕ. ಹೆಂಚಿನ ಮಾಡಿನ ನೀರು ಸೂರಿನಿಂದ ನೇರ ನೆಲಕ್ಕೆ ಬೀಳುತ್ತಿತ್ತು; ತಾರಸಿ ಬಂದ ಮೇಲೆ ಇಳಿಕೊಳವೆ ಬಂತು, ಅದರ ಬುಡದಿಂದ ರಸ್ತೆಬದಿಯ ಚರಂಡಿಗೆ ನೆಲದಡಿಯ ದಾರಿ ಬಂತು. ಅದನ್ನು ಹುಡುಕಲು ಬಟ್ಟೆಗೆ ಹಾಕುವ ನೀಲಿ ಸಾಕು. ಒಂದು ಬಕೆಟ್ ನೀಲಿ ನೀರನ್ನು ಇಳಿಕೊಳವೆಗೆ ಸುರಿದು, ಒಬ್ಬರು ರಸ್ತೆಯ ಚರಂಡಿಯ ಹತ್ತಿರ, ಇನ್ನೊಬ್ಬರು ಕೊಳಕು ನೀರಿನ ಚೇಂಬರಿನ ಹತ್ತಿರ ನಿಂತು ನೋಡಬೇಕು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಕೊಳಾಯಿ ಕೆಲಸದವರು ಕೊಳವೆಗೆ ಪೆಪ್ಪರ್‌ಮಿಂಟ್ ಎಣ್ಣೆ ಹಾಕಿ, ಮನೆಯೊಳಗೆ ವಾಸನೆ ಬರುತ್ತದೆಯೇ ಎಂದು ಸೋರಿಕೆ ಪತ್ತೆ ಮಾಡುತ್ತಿದ್ದರು. ಇದೂ ಅದೇ ಜಾತಿಯ ಉಪಾಯ. ನೀಲಿ ನೀರು ಚೇಂಬರಿನಲ್ಲಿ ಕಂಡರೆ, ಯಾರೋ ಖರ್ಚು ಉಳಿಸಲು ಮಳೆನೀರನ್ನು ಒಳಚರಂಡಿಗೆ ಸೇರಿಸಿದ್ದಾರೆ ಎಂದರ್ಥ. ಜೋರು ಮಳೆಯಲ್ಲಿ ತಗ್ಗಿನ ರಸ್ತೆಗಳ ಮ್ಯಾನ್‌ಹೋಲ್ ಉಕ್ಕಿ ಬಡವರ ಮನೆಯೊಳಗೆ ನುಗ್ಗುವುದಕ್ಕೆ ಇದೊಂದು ಕಾರಣ. ಇದನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿನ ಕಾನೂನೇ ಇದೆ. ಆ ನೀರು ಸಂಪಿಗೋ ಇಂಗುಗುಂಡಿಗೋ ಹೋಗಬೇಕು.

ಈಗ ಕೊಳವೆಯೊಳಗೆ ಕ್ಯಾಮರಾ ಇಳಿಸಿ ನೋಡುವ ಯಂತ್ರಗಳಿವೆ, ಒಳ್ಳೆಯದೇ. ಅವು ಬರುವ ಮೊದಲು ನಗರದ ಕೊಳವೆಗಳ ನಿಜವಾದ ನಕ್ಷೆ ಇದ್ದದ್ದು ಅವುಗಳೊಳಗೆ ಇಳಿದವರ ತಲೆಯಲ್ಲಿ. ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕ ನಿಷೇಧಿಸಿತು. ದೇಶದ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದರ ನಂತರವೂ ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿ ನಿಂತಿಲ್ಲ. ಕೊಳವೆ ಎಲ್ಲಿ ಕಟ್ಟಿದೆ ಎಂದು ಮೇಲಿನಿಂದ ತಿಳಿಯದಿದ್ದಾಗಲೇ ಒಬ್ಬ ಮನುಷ್ಯನನ್ನು ಕೆಳಗಿಳಿಸುವ ಯೋಚನೆ ಬರುವುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಹಿರಿಯರು ಇರುವಾಗಲೇ ಅವರನ್ನು ಅಂಗಳಕ್ಕೆ ಕರೆತಂದು ಕಕ್ಕಸು, ಬಚ್ಚಲು, ಬಾವಿ ಎಲ್ಲೆಲ್ಲಿದ್ದವು ಎಂದು ಕೇಳಿ. ಎರಡು ಗೋಡೆಗಳಿಂದ ಅಳತೆ ಹಿಡಿದು ಚೇಂಬರುಗಳನ್ನೂ ಕೊಳವೆಯ ದಾರಿಯನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯ ಕ್ರಯಪತ್ರದ ಜೊತೆ ಇಡಿ. ಕಟ್ಟಿಕೊಂಡರೆ ಯಂತ್ರ ಕರೆಸಿ, ಯಾರನ್ನೂ ಒಳಗಿಳಿಸಬೇಡಿ.