ಬೆಳಗಿಗೆ ನೀರಾ, ಮಧ್ಯಾಹ್ನಕ್ಕೆ ಅಪರಾಧ

ಡಿಸೆಂಬರ್ ತಿಂಗಳಲ್ಲಿ ಅಹಮದಾಬಾದಿನ ಬೆಳಗುಗಳು ಚೆನ್ನಾಗಿಯೇ ಕೊರೆಯುತ್ತವೆ. ಮಣಿನಗರದ ಮನೆಗಳಿಂದ ಕಾಂಕರಿಯಾ ಕೆರೆಯ ಕಡೆಗೆ ವಾಕಿಂಗ್ ಹೊರಡುವವರು ಸ್ವೆಟರು, ಮಫ್ಲರು ಸುತ್ತಿಕೊಂಡಿರುತ್ತಾರೆ. ಈ ಕಾಲದಲ್ಲಿ ನಗರದ ಕೆಲವು ರಸ್ತೆ ಬದಿಗಳಲ್ಲಿ, ಹಾಗೆಯೇ ವಡೋದರಾ, ಸೂರತ್‌ಗಳಲ್ಲೂ, ಬೆಳಗಿನ ಕೆಲವೇ ಗಂಟೆ ತೆರೆದಿರುವ ಚಿಕ್ಕ ಮಳಿಗೆಗಳು ಕಾಣುತ್ತವೆ. ಅಲ್ಲಿ ಸಿಗುವುದು ನೀರಾ. ತಣ್ಣಗಿನ, ತುಸು ಮಂಜಾದ, ಕಬ್ಬಿನ ಹಾಲಿಗಿಂತ ತೆಳುವಾದ ಸಿಹಿ ರಸ. ಒಂದು ಲೋಟ ಕುಡಿದು ಜನ ಮುಂದೆ ನಡೆಯುತ್ತಾರೆ. ಬಿಸಿಲೇರುವ ಹೊತ್ತಿಗೆ ಮಳಿಗೆ ಮುಚ್ಚಿರುತ್ತದೆ.

ಮಾರುವವರು ಆತುರಪಡುವುದಕ್ಕೆ ಕಾರಣವಿದೆ. ಈ ರಸ ಬರುವುದು ಖಜೂರಿಯಿಂದ, ಎಂದರೆ ನಮ್ಮ ಈಚಲು ಮರದಿಂದ. ಸುಮ್ಮನೆ ಇಟ್ಟರೆ ಕೆಲವೇ ಗಂಟೆಗಳಲ್ಲಿ ಅದು ಹುಳಿಯಾಗಿ, ನೊರೆಯೆದ್ದು, ಕಳ್ಳಾಗುತ್ತದೆ. ಗುಜರಾತ್ ಪಾನನಿರೋಧದ ರಾಜ್ಯ. ಬೆಳಿಗ್ಗೆ ಏಳಕ್ಕೆ ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಪಾನೀಯ ಮಧ್ಯಾಹ್ನದ ಹೊತ್ತಿಗೆ ಕಾನೂನು ನಿಷೇಧಿಸಿದ ಪದಾರ್ಥವಾಗಬಹುದು. ಮರ ಅದೇ, ಗಡಿಗೆಯೂ ಅದೇ. ಕಳೆದ ನೂರು ವರ್ಷಗಳಲ್ಲಿ ಈ ಮರವನ್ನು ಒಮ್ಮೆ ಶತ್ರುವೆಂದು ಕಡಿಯಲಾಗಿದೆ, ಇನ್ನೊಮ್ಮೆ ಬಡವರ ಸಕ್ಕರೆಯೆಂದು ಹೊಗಳಲಾಗಿದೆ. ಎರಡಕ್ಕೂ ಕರೆ ಕೊಟ್ಟವರು ಒಬ್ಬರೇ.

ಮರ ಅಳುವ ಕಾಲ

ಮರದ ರಸ ಕಾಯಿಸಿ ಸಿಹಿ ಮಾಡುವುದೆಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಮೇಪಲ್ ಸಿರಪ್. ಕೆನಡಾದ ಕ್ವಿಬೆಕ್, ಅಮೆರಿಕದ ವರ್ಮಾಂಟ್ ಕಡೆಗಳಲ್ಲಿ ಚಳಿಗಾಲ ಮುಗಿಯುತ್ತಾ ಬಂದಾಗ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಕೆಲವು ವಾರಗಳಲ್ಲಿ ಮೇಪಲ್ ಕಾಂಡಕ್ಕೆ ಸಣ್ಣ ರಂಧ್ರ ಕೊರೆದು ರಸ ಹಿಡಿಯುತ್ತಾರೆ. ಮನೆಯ ಹಿತ್ತಿಲಲ್ಲಿ ನಾಲ್ಕಾರು ಮರಗಳಿರುವವರೂ ಬಕೆಟ್ ನೇತುಹಾಕಿ ತಮ್ಮ ಮನೆಗೆ ಬೇಕಾದಷ್ಟು ಮಾಡಿಕೊಳ್ಳುತ್ತಾರೆ. ಆ ರಸದಲ್ಲಿ ಸಕ್ಕರೆಯ ಅಂಶ ನೂರಕ್ಕೆ ಎರಡರ ಆಸುಪಾಸು. ಸುಮಾರು 40 ಲೀಟರ್ ಕಾಯಿಸಿದರೆ 1 ಲೀಟರ್ ಸಿರಪ್.

ನಮ್ಮ ಈಚಲು ಮರ ಕೊಡುವ ರಸ ಇದಕ್ಕಿಂತ ಬಹಳ ಸಿಹಿ. ಅದರಲ್ಲಿ ಸಕ್ಕರೆ ನೂರಕ್ಕೆ ಹತ್ತರಷ್ಟಿರುತ್ತದೆ. ಸುಮಾರು 10 ಲೀಟರ್ ನೀರಾ ಕೊಪ್ಪರಿಗೆಗೆ ಸುರಿದು ಕಾಯಿಸಿದರೆ ಒಂದು ಕಿಲೋ ಬೆಲ್ಲ ಸಿಗುತ್ತದೆ. ಪಾಕ ಗಟ್ಟಿಯಾಗುವ ಮೊದಲೇ ಇಳಿಸಿದರೆ ಮಲೆನಾಡಿನವರು ಹೇಳುವ ಜೋನಿಬೆಲ್ಲದಂಥದ್ದು ಸಿದ್ಧ. ಬಂಗಾಳದಲ್ಲಿ ಚಳಿಗಾಲದ ಸಂದೇಶ್, ಪಾಯಸಗಳಿಗೆ ಪರಿಮಳ ಕೊಡುವ ನೊಲೆನ್ ಗುಡ್ ಇದೇ ಈಚಲಿನ ಬೆಲ್ಲ. ಶ್ರೀಲಂಕಾದವರು ಮೊಸರಿನ ಮೇಲೆ ಸುರಿದುಕೊಳ್ಳುವ ಕಿತುಲ್ ಪಾಕ ನಮ್ಮ ಘಟ್ಟದ ಬೈನೆ ಮರದ ರಸದ್ದು.

ವ್ಯತ್ಯಾಸ ಇರುವುದು ಕೆಲಸದಲ್ಲಿ. ಮೇಪಲ್‌ಗೆ ನೆಲದ ಮೇಲೆ ನಿಂತೇ ರಂಧ್ರ ಕೊರೆಯಬಹುದು. ಒಮ್ಮೆ ಕೊರೆದರೆ ಇಡೀ ಹಂಗಾಮಿಗೆ ಸಾಕು. ಈಚಲು ಮರವನ್ನು ಹತ್ತಲೇಬೇಕು. ತಲೆಯ ಹತ್ತಿರ ಒಂದು ಬದಿಯ ಗರಿಗಳನ್ನು ಸವರಿ, ಒಳಗಿನ ಎಳೆಯ ಭಾಗ ಕಾಣುವಂತೆ ಹರಿತವಾದ ಕತ್ತಿಯಿಂದ ತೆಳ್ಳಗೆ ಹೆರೆದು, ರಸ ಒಂದು ಕಡೆ ಕೂಡಿಕೊಳ್ಳುವಂತೆ ಗೀರಿ, ಬಿದಿರಿನ ಚೂರೊಂದನ್ನು ನಾಟಿ ಅದರ ಕೆಳಗೆ ಗಡಿಗೆ ಕಟ್ಟುತ್ತಾರೆ. ಸಂಜೆ ಕಟ್ಟಿದ ಗಡಿಗೆಯನ್ನು ಸೂರ್ಯ ಹುಟ್ಟುವ ಮೊದಲು ಇಳಿಸಬೇಕು. ಕತ್ತಿ ಆಳಕ್ಕೆ ಇಳಿದರೆ ಮರ ಸಾಯುತ್ತದೆ, ಸಾಲದಿದ್ದರೆ ರಸ ಬರುವುದಿಲ್ಲ. ಮುಂದಿನ ವರ್ಷ ಹೆರೆಯುವುದು ಮರದ ಇನ್ನೊಂದು ಬದಿಯನ್ನು. ಹೀಗೆ ವರ್ಷ ವರ್ಷವೂ ಹೆರೆದ ಈಚಲು ಮರದ ಕಾಂಡ ಅಂಕುಡೊಂಕಾಗಿ ಮೆಟ್ಟಿಲು ಕೊರೆದಂತೆ ಕಾಣುತ್ತದೆ. ಆ ಗಾಯಗಳನ್ನು ಎಣಿಸಿದರೆ ಮರ ಎಷ್ಟು ಚಳಿಗಾಲ ರಸ ಕೊಟ್ಟಿದೆಯೆಂದು ತಿಳಿಯುತ್ತದೆ.

ನೀರಾ ಮತ್ತು ಕಳ್ಳಿನ ನಡುವೆ ಇರುವ ಗಡಿ ಒಂದು ಹಿಡಿ ಸುಣ್ಣದ್ದು. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಹುಳಿಯಾಗುವುದು ತಡವಾಗುತ್ತದೆ. ಬಳಿಯದಿದ್ದರೆ ಹಿಂದಿನ ದಿನದ ಗಡಿಗೆಯಲ್ಲಿ ಉಳಿದ ಹುಳಿಯೇ ಹೊಸ ರಸಕ್ಕೆ ಹೆಪ್ಪಾಗುತ್ತದೆ. ಮರ ಹತ್ತುವವನ ಕೌಶಲ ಎರಡಕ್ಕೂ ಒಂದೇ. ಯಾವುದಕ್ಕೆ ಕಾಸು ಹುಟ್ಟುತ್ತದೆಯೋ ಅದನ್ನು ಅವನು ಇಳಿಸುತ್ತಾನೆ.

ಮರದ ಮೇಲೆ ತೆರಿಗೆ

ದಕ್ಷಿಣ ಗುಜರಾತಿನಲ್ಲಿ, ಮುಖ್ಯವಾಗಿ ಸೂರತ್ ಜಿಲ್ಲೆಯಲ್ಲಿ, ಈಚಲು ಮತ್ತು ತಾಳೆ ಮರಗಳು ಹೊಲದ ಬದುಗಳಲ್ಲಿ, ಬೀಳು ನೆಲದಲ್ಲಿ, ಹಳ್ಳದ ಅಂಚಿನಲ್ಲಿ ತಾವಾಗಿ ಬೆಳೆದವು. ಅಲ್ಲಿನ ಆದಿವಾಸಿಗಳಿಗೆ ಕಳ್ಳು ಬರೀ ಮತ್ತಿನ ಪದಾರ್ಥವಾಗಿರಲಿಲ್ಲ. ಧಾನ್ಯ ಮುಗಿದು ಮಳೆ ಇನ್ನೂ ಬಾರದ ತಿಂಗಳುಗಳಲ್ಲಿ ಅದು ಹೊಟ್ಟೆಗೆ ಆಧಾರವೂ ಆಗಿತ್ತು, ದೈವಕ್ಕೆ ಎಡೆಯೂ ಆಗಿತ್ತು.

1878ರ ಬಾಂಬೆ ಅಬಕಾರಿ ಕಾಯ್ದೆ ಈ ಮರಗಳನ್ನು ಲೆಕ್ಕದ ಪುಸ್ತಕಕ್ಕೆ ತಂದಿತು. ಕಳ್ಳು ಇಳಿಸುವ ಪ್ರತಿ ಮರಕ್ಕೂ ತೆರಿಗೆ, ಮಾರಲು ಪರವಾನಗಿ, ಅಂಗಡಿಗೆ ಗುತ್ತಿಗೆ. ಮನೆಯಲ್ಲಿ ಇಪ್ಪೆ ಹೂವಿನಿಂದ ಭಟ್ಟಿ ಇಳಿಸುವುದು ಅಪರಾಧವಾಯಿತು. ನೆನ್ನೆಯವರೆಗೆ ಹಿತ್ತಿಲಿನಲ್ಲಿ ಸಿಗುತ್ತಿದ್ದುದನ್ನು ಅಂಗಡಿಯಲ್ಲಿ ಕೊಳ್ಳುವಂತಾಯಿತು. ಗುತ್ತಿಗೆ ಹಿಡಿದವರಲ್ಲಿ ಪಾರ್ಸಿ ವ್ಯಾಪಾರಿಗಳು ಮುಂದಿದ್ದರು. ಸಾಲದ ಮೇಲೆ ಕುಡಿದವರ ಜಮೀನು ನಿಧಾನವಾಗಿ ಅಂಗಡಿಯವರ ಕೈಸೇರಿತು. ಇತಿಹಾಸಕಾರ ಡೇವಿಡ್ ಹಾರ್ಡಿಮನ್ ಈ ಕಥೆಯನ್ನು ವಿವರವಾಗಿ ದಾಖಲಿಸಿದ್ದಾರೆ.

ಅವರೇ ಬರೆದ ಇನ್ನೊಂದು ಘಟನೆ 1922ರದು. ಆ ವರ್ಷದ ನವೆಂಬರ್‌ನಲ್ಲಿ ಸೂರತ್ ಜಿಲ್ಲೆಯ ಹಳ್ಳಿಗಳಲ್ಲಿ ಆದಿವಾಸಿಗಳು ಸಾವಿರಗಟ್ಟಲೆ ಸೇರತೊಡಗಿದರು. ಸಲಾಬಾಯಿ ಎಂಬ ದೇವಿ ಮೈದುಂಬಿದವರ ಬಾಯಿಂದ ಅಪ್ಪಣೆ ಕೊಡುತ್ತಿದ್ದಳು: ಹೆಂಡ ಬಿಡಿ, ಕಳ್ಳು ಬಿಡಿ, ಮಾಂಸ ಬಿಡಿ, ದಿನಾ ಸ್ನಾನ ಮಾಡಿ, ಪಾರ್ಸಿಗಳ ಕೆಲಸಕ್ಕೆ ಹೋಗಬೇಡಿ. ಯಾವ ನಾಯಕನೂ ಕರೆ ಕೊಡದೆ ಅಂಗಡಿಗಳು ಖಾಲಿ ಬಿದ್ದವು. ಕಾಂಗ್ರೆಸ್ಸಿನವರು ಬಂದದ್ದು ಆಮೇಲೆ. ಕಳ್ಳು ಬಿಡುವುದೆಂದರೆ ಅಲ್ಲಿ ಶುದ್ಧಿಯ ಮಾತಷ್ಟೇ ಆಗಿರಲಿಲ್ಲ, ಸಾಲದ ಕೊರಳಹಗ್ಗವನ್ನು ಕಳಚುವ ದಾರಿಯೂ ಆಗಿತ್ತು.

ಕೊಡಲಿಯ ಕಾಲ

1930ರ ಏಪ್ರಿಲ್ 6ರಂದು ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ್ದು ಎಲ್ಲರಿಗೂ ಗೊತ್ತು. ಅದಾದ ಮೇಲಿನ ವಾರಗಳಲ್ಲಿ ಅದೇ ಜಲಾಲಪುರ ತಾಲ್ಲೂಕಿನ ಸುತ್ತ ನಡೆದ ಇನ್ನೊಂದು ಕೆಲಸ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಕಳ್ಳಿನ ಮರಗಳನ್ನೇ ಕಡಿದುಹಾಕಿ ಎಂದು ಅವರು ಹೇಳಿದರು. ಊರೂರಿನಲ್ಲಿ ಕೊಡಲಿಗಳು ಹೊರಬಂದು ಈಚಲು ಮರಗಳು ಉರುಳಿದವು. ಉಪ್ಪಿನ ತೆರಿಗೆಯಂತೆ ಅಬಕಾರಿ ವರಮಾನವೂ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು, ಮರ ಹೋದರೆ ಚಟವೂ ಹೋಗುತ್ತದೆ, ತೆರಿಗೆಯೂ ಹೋಗುತ್ತದೆ ಎಂಬುದು ಲೆಕ್ಕ. ಮೇ 4ರ ನಡುರಾತ್ರಿ ಕಳೆದ ಮೇಲೆ ಪೊಲೀಸರು ಕರಾಡಿಯಲ್ಲಿ ಅವರನ್ನು ಬಂಧಿಸಿದರು.

ಈ ದಾರಿ ಗುಜರಾತಿಗೆ ಸೀಮಿತವಾಗಲಿಲ್ಲ. ಮೈಸೂರು ಸಂಸ್ಥಾನದ ಬೊಕ್ಕಸಕ್ಕೂ ಈಚಲು ವನಗಳ ಕಳ್ಳಿನಿಂದ ವರಮಾನ ಬರುತ್ತಿತ್ತು. 1939ರಲ್ಲಿ ಚಿತ್ರದುರ್ಗ ಸಮೀಪದ ತುರುವನೂರಿನ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಆ ಚಳವಳಿಯಲ್ಲಿ ಸೆರೆಮನೆ ಕಂಡರು. ಕನ್ನಡನಾಡಿನ ಸ್ವಾತಂತ್ರ್ಯ ಹೋರಾಟದ ಪುಟಗಳಲ್ಲಿ ತುರುವನೂರಿಗೆ ಗೌರವದ ಜಾಗವಿದೆ. ಆ ಮರಗಳನ್ನು ಹತ್ತಿ ಬದುಕುತ್ತಿದ್ದ ಈಡಿಗರ ಮನೆಗಳಲ್ಲಿ ಮರುದಿನ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆ ಆ ಪುಟಗಳಲ್ಲಿ ಅಪರೂಪ.

ಅದೇ ಮರ, ಬೇರೆ ಮಾತು

ಮರ ಕಡಿಯುವ ಮಾತಿಗೆ ಉತ್ತರವೂ ಗಾಂಧೀಜಿಯ ಆಶ್ರಮದಿಂದಲೇ ಬಂತು. 1934ರ ಕೊನೆಯಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರುವಾಯಿತು. ಜೆ.ಸಿ. ಕುಮಾರಪ್ಪ ಅದರ ಬೆನ್ನೆಲುಬು. ಕೈಕುಟ್ಟಿದ ಅಕ್ಕಿ, ಗಾಣದೆಣ್ಣೆ, ಕಾಗದಗಳ ಜೊತೆ ಸಂಘ ಕೈಗೆತ್ತಿಕೊಂಡ ಕಸುಬುಗಳಲ್ಲಿ ತಾಳೆ, ಈಚಲುಗಳ ಬೆಲ್ಲವೂ ಒಂದು. ಗಜಾನನ ನಾಯಕ್ ಎಂಬ ಕಾರ್ಯಕರ್ತರು ವಾರ್ಧಾದ ಸುತ್ತಲಿನ ಈಚಲು ಮರಗಳಿಂದ ನೀರಾ ಇಳಿಸಿ, ಕಾಯಿಸಿ, ಬೆಲ್ಲ ತೆಗೆಯುವುದರಲ್ಲಿ ಪಳಗಿದರು. ಸ್ವಾತಂತ್ರ್ಯದ ನಂತರ ಅವರು ಈ ಬೆಲ್ಲದ ವಿಚಾರದಲ್ಲಿ ಭಾರತ ಸರ್ಕಾರದ ಸಲಹೆಗಾರರಾದರು.

ಕುಮಾರಪ್ಪನವರ ತರ್ಕ ಸರಳ. ಕಬ್ಬಿಗೆ ಒಳ್ಳೆಯ ನೆಲ ಬೇಕು, ನೀರು ಬೇಕು. ಆ ನೆಲದಲ್ಲಿ ಜೋಳ, ಭತ್ತ ಬೆಳೆಯಬಹುದಲ್ಲ? ಈಚಲು, ತಾಳೆಗಳಿಗೆ ಇದೇನೂ ಬೇಡ. ಬೀಳು ನೆಲದಲ್ಲಿ ತಾವೇ ಬೆಳೆಯುತ್ತವೆ. ಸಕ್ಕರೆ ಅಲ್ಲಿಂದ ಬರಲಿ, ಅನ್ನ ಹೊಲದಿಂದ ಬರಲಿ.

1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಗಾಂಧೀಜಿ ಆರೋಗ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಮದ್ಯದ ವಿಷಯಕ್ಕೆ ಬಂದಾಗ ಅದರಲ್ಲಿ ನೀರಾದ ಪ್ರಸ್ತಾಪವಿದೆ. ತಾವು ಕುಡಿದು ನೋಡಿದ್ದನ್ನು ಹೇಳುತ್ತಾರೆ, ಚಹಾದ ಬದಲು ಬೆಳಿಗ್ಗೆ ಕುಡಿಯಬಹುದು ಎನ್ನುತ್ತಾರೆ. ಆದರೆ ಅದು ಬೇಗ ಹುಳಿಯಾಗುವುದರಿಂದ ಇಳಿಸಿದ ಜಾಗದಲ್ಲೇ ಕುಡಿಯಬೇಕು, ಎಲ್ಲರಿಗೂ ಅದು ಸಾಧ್ಯವಿಲ್ಲ, ಹಾಗಾಗಿ ಬೆಲ್ಲ ಮಾಡುವುದೇ ಒಳ್ಳೆಯ ಉಪಯೋಗ ಎಂದು ಸೂಚಿಸುತ್ತಾರೆ. ಕಳ್ಳಿಗೆ ಬಳಸುವ ಮರಗಳನ್ನು ಬೆಲ್ಲಕ್ಕೆ ಬಳಸಿದರೆ ದೇಶಕ್ಕೆ ಸಕ್ಕರೆಯ ಕೊರತೆಯೇ ಇರುವುದಿಲ್ಲ ಎಂಬುದು ಅವರ ಅಭಿಪ್ರಾಯ. ಹನ್ನೆರಡು ವರ್ಷಗಳ ಹಿಂದೆ ಕೊಡಲಿ ಬೀಳಲಿ ಎಂದಿದ್ದ ಮರಗಳ ಬಗ್ಗೆ ಈ ಮಾತು. ಕಡಿದರೆ ಮುಗಿಯಿತು, ಉಳಿದರೆ ಹತ್ತುವವನ ಕೆಲಸವೂ ಉಳಿಯುತ್ತದೆ ಎಂಬ ಅರಿವು ಇದರ ಹಿಂದಿದೆ.

ಮೇಪಲ್ ಮರಕ್ಕೂ ಇಂಥದ್ದೇ ನೈತಿಕ ಭಾರ ಹೊರಿಸಿದ ಕಾಲವೊಂದಿತ್ತು. 1790ರ ದಶಕದಲ್ಲಿ ಅಮೆರಿಕದ ವೈದ್ಯ ಬೆಂಜಮಿನ್ ರಶ್, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಸಕ್ಕರೆಗೆ ಬದಲು ಮೇಪಲ್ ಸಕ್ಕರೆ ತಿನ್ನಬೇಕೆಂದು ವಾದಿಸಿ ಥಾಮಸ್ ಜೆಫರ್ಸನ್ನರಿಗೆ ದೀರ್ಘ ಪತ್ರ ಬರೆದ. ಜೆಫರ್ಸನ್ ತಮ್ಮ ತೋಟದಲ್ಲಿ ಮೇಪಲ್ ಸಸಿ ನೆಡಿಸಿದರು. ಆ ತೋಟದ ಕೆಲಸದವರೂ ಗುಲಾಮರೇ ಆಗಿದ್ದರೆಂಬುದು ಬೇರೆ ಮಾತು. ಮೇಪಲ್ ಆಗ ಕಬ್ಬನ್ನು ಸೋಲಿಸಲಿಲ್ಲ. ಕಬ್ಬಿನ ಸಕ್ಕರೆ ಅಗ್ಗವಾಗುತ್ತ ಹೋದಂತೆ ಅದು ಸಕ್ಕರೆಯಾಗಿ ಸ್ಪರ್ಧಿಸುವುದನ್ನು ಬಿಟ್ಟು, ಸಿರಪ್ಪಾಗಿ, ತನ್ನದೇ ರುಚಿಯ ಬೆಲೆಬಾಳುವ ವಸ್ತುವಾಗಿ ಬದುಕಿಕೊಂಡಿತು.

ಕಬ್ಬು ಗೆದ್ದದ್ದು

ಭಾರತದಲ್ಲಿ ಈಚಲು ಬೆಲ್ಲ ಎದುರಿಸಬೇಕಾಗಿದ್ದೂ ಕಬ್ಬನ್ನೇ. 1932ರಲ್ಲಿ ಸರ್ಕಾರ ವಿದೇಶಿ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತು. ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರು ದಾಟಿತು. ಕುಮಾರಪ್ಪ ಮರದ ಬೆಲ್ಲದ ಮಾತಾಡುತ್ತಿದ್ದದ್ದು ಈ ಹೊಗೆಗೊಳವೆಗಳ ನಡುವೆ. ಸ್ವಾತಂತ್ರ್ಯದ ನಂತರ ತಾಪಿ ನದಿಯ ನೀರು ಕಾಲುವೆಗಳಲ್ಲಿ ದಕ್ಷಿಣ ಗುಜರಾತಿಗೆ ಹರಿಯಿತು. ಸತ್ಯಾಗ್ರಹಕ್ಕೆ ಹೆಸರಾದ ಬಾರ್ಡೋಲಿಯಲ್ಲಿ 1950ರ ದಶಕದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಸೂರತ್ ಜಿಲ್ಲೆ ಸಕ್ಕರೆಯ ಜಿಲ್ಲೆಯೇ ಆಯಿತು, ಆದರೆ ಮರದಿಂದಲ್ಲ. ಕಬ್ಬು ಕಡಿಯಲು ಬಂದವರು ಖಾಂದೇಶದ ಕಡೆಯಿಂದ ವಲಸೆ ಬಂದ ಬಡ ಕೂಲಿಗಳು.

ಇನ್ನೊಂದು ಕಡೆ ಕಾನೂನು ಬಿಗಿಯಾಗುತ್ತ ಬಂತು. ಕಾಂಗ್ರೆಸ್ ಸರ್ಕಾರ 1938ರಲ್ಲಿ ಅಹಮದಾಬಾದಿನಲ್ಲಿ, ಮರುವರ್ಷ ಮುಂಬಯಿಯಲ್ಲಿ ಪಾನನಿರೋಧ ತಂದಿತು. 1949ರ ಬಾಂಬೆ ಪಾನನಿರೋಧ ಕಾಯ್ದೆ ಪ್ರಾಂತ್ಯಕ್ಕೆಲ್ಲ ಅನ್ವಯವಾಯಿತು. 1960ರ ಮೇ 1ರಂದು ಗುಜರಾತ್ ಬೇರೆ ರಾಜ್ಯವಾದಾಗ ಆ ಕಾಯ್ದೆಯೂ ಜೊತೆಗೆ ಬಂತು, ಇಂದಿಗೂ ಉಳಿದಿದೆ. ಹುಳಿಯೇರದಂತೆ ಸಿದ್ಧಪಡಿಸಿದ ಪಾತ್ರೆಯಲ್ಲಿ ಇಳಿಸಿದ ರಸವನ್ನು ಆ ಕಾಯ್ದೆ ನೀರಾ ಎಂದು ಬೇರೆಯಾಗಿ ಗುರುತಿಸಿತು. ಹಿಡಿ ಸುಣ್ಣ ಈಗ ಕಾನೂನಿನ ಮಾತಾಯಿತು. ಪರವಾನಗಿಯಿಲ್ಲದೆ ಮರ ಮುಟ್ಟುವಂತಿಲ್ಲ. ಗಡಿಗೆ ಇಳಿಸುವುದು ಒಂದು ಗಂಟೆ ತಡವಾದರೂ ಕಷ್ಟ ಹತ್ತಿದವನಿಗೆ.

ಮೇಪಲ್ ಬದುಕಿಕೊಂಡ ದಾರಿ ಈಚಲಿಗೆ ತೆರೆಯದಿದ್ದುದಕ್ಕೆ ಕಾರಣ ಇಲ್ಲಿದೆ. ಈಚಲು ಬೆಲ್ಲದ ಕನಸು ಕಂಡವರು ಅದನ್ನು ಬಡವರ ಅಗ್ಗದ ಸಕ್ಕರೆಯೆಂದೇ ಭಾವಿಸಿದರು, ಮತ್ತು ಅಗ್ಗದ ಆಟದಲ್ಲಿ ಕಾರ್ಖಾನೆಯನ್ನು ಗೆಲ್ಲಲು ಆಗುವುದಿಲ್ಲ. ಮೇಪಲ್ ಕಾಡುಗಳಿಗೆ ಪ್ಲಾಸ್ಟಿಕ್ ಕೊಳವೆಗಳು, ಪಂಪುಗಳು ಬಂದವು. ಈಚಲು ಮರವನ್ನು ಇಂದಿಗೂ ಒಬ್ಬ ಮನುಷ್ಯ ಹತ್ತಿ ಹೆರೆಯಬೇಕು. ಮೇಪಲ್ ರಸದ ಮೇಲೆ ಯಾವ ಪೊಲೀಸರ ಕಣ್ಣೂ ಇರಲಿಲ್ಲ. ಈಚಲು ಹತ್ತುವವನನ್ನು ಮೊದಲು ಅಬಕಾರಿಯವರು, ಆಮೇಲೆ ಸುಧಾರಕರು, ಕೊನೆಗೆ ಪಾನನಿರೋಧದವರು ಸಂಶಯದಿಂದಲೇ ನೋಡಿದರು. ಅಪ್ಪ ಹತ್ತಿದ ಮರವನ್ನು ಮಗ ಹತ್ತಬೇಕೆನ್ನಲು ಅವನಿಗೆ ಹೆಚ್ಚಿನ ಕಾರಣ ಯಾರೂ ಕೊಡಲಿಲ್ಲ.

ಉಳಿದದ್ದು ಚಳಿಗಾಲದ ಒಂದು ಲೋಟ. ಗಾಂಧೀಜಿ ಎಲ್ಲರಿಗೂ ಸಿಗುವುದು ಕಷ್ಟವೆಂದಿದ್ದ ನೀರಾ ಅಹಮದಾಬಾದಿನ ರಸ್ತೆ ಬದಿಯಲ್ಲಿ ಸಿಗುತ್ತದೆ. ಅವರು ಎಲ್ಲರ ಮನೆಯಲ್ಲೂ ಇರಬೇಕೆಂದ ಬೆಲ್ಲವನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಆ ಲೋಟ ತುಂಬಬೇಕಾದರೆ ಹಿಂದಿನ ಸಂಜೆ ಯಾರೋ ಒಬ್ಬರು ಸುಣ್ಣ ಬಳಿದ ಗಡಿಗೆ ಹೊತ್ತು ಮರ ಹತ್ತಿರಬೇಕು, ಊರು ಏಳುವ ಮೊದಲು ಮತ್ತೆ ಹತ್ತಿ ಇಳಿಸಿರಬೇಕು. ಮರವನ್ನು ಕಡಿಯಿರಿ ಎಂದಾಗಲೂ ಬೆಲ್ಲ ಕಾಯಿಸಿ ಎಂದಾಗಲೂ ಕೆಳಗೆ ನಿಂತು ಮಾತಾಡಿದವರೇ ಹೆಚ್ಚು. ಅವನು ಮೇಲಿದ್ದ.