ಗಡಿ ದಾಟಿದರೆ ಬಾಟಲಿಗೆ ಬೇರೆ ಕಾನೂನು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಸುತ್ತಮುತ್ತ ಕನ್ನಡ, ತೆಲುಗು ಎರಡೂ ಮನೆಮಾತು. ಬಾಗೇಪಲ್ಲಿಯ ಆಚೆಗೆ ಆಂಧ್ರಪ್ರದೇಶ. ಹೆಣ್ಣು ಕೊಡುವುದಕ್ಕೆ, ತರುವುದಕ್ಕೆ, ಸಂತೆಗೆ, ಜಾತ್ರೆಗೆ ಇಲ್ಲಿನವರಿಗೆ ಗಡಿ ಎಂದೂ ಅಡ್ಡ ಬಂದಿಲ್ಲ. ಆದರೆ ಚೀಲದಲ್ಲಿ ಬಿಯರ್ ಬಾಟಲಿ ಇದ್ದರೆ ಮಾತ್ರ ಗಡಿ ನೆನಪಾಗುತ್ತದೆ. ಈಚೆ ಅಂಗಡಿಯ ಸರಕಾಗಿದ್ದದ್ದು ಆಚೆ ಅಪರಾಧವಾಗಿದ್ದ ಕಾಲವೂ ಇತ್ತು.

ಇದಕ್ಕೆ ಕಾರಣ ಸಂವಿಧಾನದಲ್ಲಿಯೇ ಇದೆ. ಮದ್ಯದ ತಯಾರಿಕೆ, ಮಾರಾಟ, ತೆರಿಗೆ ಎಲ್ಲವೂ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಪಾನನಿರೋಧಕ್ಕೆ ಪ್ರಯತ್ನಿಸಬೇಕೆಂದು 47ನೇ ವಿಧಿ ಹೇಳುತ್ತದೆ; ಬೊಕ್ಕಸ ಮಾತ್ರ ಅಬಕಾರಿ ವರಮಾನವನ್ನು ಬಿಡಲೊಲ್ಲದು. ಈ ಎಳೆದಾಟದಲ್ಲಿ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿಯಿತು.

ಆಂಧ್ರದ ಕಥೆ ಶುರುವಾದದ್ದು ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ. ಸಾಕ್ಷರತಾ ತರಗತಿಗೆ ಬರುತ್ತಿದ್ದ ಕೂಲಿ ಹೆಂಗಸರು ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಗಂಡನ ಕೂಲಿ ಮನೆಗೆ ಬರುವ ಮೊದಲೇ ಕರಗಿಹೋಗುತ್ತಿದೆ ಎಂಬುದು ಅವರ ದೂರು. 1992ರಲ್ಲಿ ಹೋರಾಟ ಊರೂರಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಎನ್.ಟಿ. ರಾಮರಾವ್ ಮತ್ತೆ ಮುಖ್ಯಮಂತ್ರಿಯಾದ ಮೇಲೆ 1995ರ ಜನವರಿಯಲ್ಲಿ ಬಿಯರ್ ಸೇರಿದಂತೆ ಸಂಪೂರ್ಣ ಪಾನನಿಷೇಧ ಜಾರಿಗೆ ಬಂತು. ಆದರೆ ನೆರೆ ರಾಜ್ಯಗಳ ಅಂಗಡಿಗಳು ತೆರೆದೇ ಇದ್ದವು. ಕಳ್ಳಸಾಗಣೆ ಬೆಳೆಯಿತು, ಬೊಕ್ಕಸ ಸೊರಗಿತು. 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ನಿಷೇಧವನ್ನು ಹಿಂತೆಗೆದುಕೊಂಡಿತು. ಸಾರಾಯಿ ನಿಷೇಧ ಮಾತ್ರ ಉಳಿಯಿತು.

2019ರ ಅಕ್ಟೋಬರ್‌ನಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ಆಂಧ್ರ ಸರ್ಕಾರ ಚಿಲ್ಲರೆ ಅಂಗಡಿಗಳನ್ನೆಲ್ಲ ತಾನೇ ವಹಿಸಿಕೊಂಡಿತು. 2020ರ ಮೇ ತಿಂಗಳಲ್ಲಿ ಬೆಲೆಯನ್ನು ಶೇ 75ರಷ್ಟು ಏರಿಸಿತು. ಹೆಸರಾಂತ ಬ್ರಾಂಡುಗಳು ಅಲ್ಲಿ ಸಿಗದಾದವು. ಗಡಿಯ ಗಿರಾಕಿ ಮತ್ತೆ ಕರ್ನಾಟಕದ ಕಡೆ ಮುಖ ಮಾಡಿದ. 2024ರ ಅಕ್ಟೋಬರ್‌ನಲ್ಲಿ ಅಂಗಡಿಗಳು ಪುನಃ ಖಾಸಗಿಯವರ ಕೈಗೆ ಹೋದವು.

ಕರ್ನಾಟಕದ ಪದ್ಧತಿಯೂ ಹೊಸಬರಿಗೆ ವಿಚಿತ್ರವೆನಿಸೀತು. ಇಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ನೀಡಲಾಗುತ್ತದೆ. ಸಿಎಲ್-2 ಪರವಾನಗಿಯ ವೈನ್ ಸ್ಟೋರಿನಲ್ಲಿ ಬಾಟಲಿ ಕೊಳ್ಳಬಹುದೇ ಹೊರತು ಕೂತು ಕುಡಿಯುವಂತಿಲ್ಲ. ಕೂರಬೇಕಾದರೆ ಸಿಎಲ್-9 ಪರವಾನಗಿಯ ಬಾರ್‌ಗೆ ಹೋಗಬೇಕು. ಅಂಗಡಿ ಯಾರದೇ ಆಗಿರಲಿ, 2003ರಿಂದ ಸಗಟು ಸರಬರಾಜು ಸರ್ಕಾರದ ಪಾನೀಯ ನಿಗಮದ್ದು. 2007ರ ಜುಲೈ 1ರಿಂದ ಇಲ್ಲಿಯೂ ಸಾರಾಯಿ ನಿಷಿದ್ಧ. ಕುಡಿತವೇನೂ ನಿಲ್ಲಲಿಲ್ಲ, ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಹೆಚ್ಚು ಬೆಲೆಯ ವಿಸ್ಕಿ, ಬ್ರಾಂದಿ ಬಂದವು.

ಮೂರು ದಶಕಗಳಲ್ಲಿ ಗಡಿಯ ಎರಡೂ ಕಡೆ ಅಂಗಡಿಯ ಒಡೆಯ ಬದಲಾದ, ಬೆಲೆ ಬದಲಾಯಿತು, ಬ್ರಾಂಡೂ ಬದಲಾಯಿತು. ದೂಬಗುಂಟದ ಹೆಂಗಸರು ಕೇಳಿದ್ದು ಇದಾವುದನ್ನೂ ಅಲ್ಲ, ದಿನದ ಕೂಲಿ ಮನೆಗೆ ಬರಲಿ ಎಂದಷ್ಟೇ. ಗಡಿಯ ಯಾವ ಕಡೆಯ ಕಾನೂನೂ ಅದಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.