ಕ್ರೋಶಾ: ಉಡುಗೊರೆಯಿಂದ ಕೂಲಿಯವರೆಗೆ

ಕ್ರೋಶಾ ನಮ್ಮ ಮನೆಗಳಲ್ಲಿ ದುಡ್ಡು ಕೊಟ್ಟು ತರುವ ವಸ್ತುವಾಗಿದ್ದುದು ಕಡಿಮೆ. ಟೀವಿಯ ಮೇಲಿನ ಹೊದಿಕೆ, ಬಾಗಿಲ ತೋರಣ, ಹಸುಗೂಸಿನ ಕುಲಾವಿ, ನಮಾಝಿನ ಬಿಳಿ ಜಾಲರಿ ಟೋಪಿ, ಮದುವೆಯಾಗಿ ಹೋಗುವ ಗೆಳತಿಗೊಂದು ಕೈಚೀಲ. ಇವೆಲ್ಲ ಯಾರೋ ಯಾರಿಗಾಗಿಯೋ ಹೆಣೆದು ಕೊಟ್ಟವು. ಕೊಟ್ಟವರು ಬೆಲೆ ಹೇಳುವುದಿಲ್ಲ, ಪಡೆದವರು ಕೇಳುವುದಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೋ ಅನಾಥಾಲಯದ ಸಹಾಯಾರ್ಥವೋ ಏರ್ಪಡಿಸುವ ಮಾರಾಟ ಮೇಳದಲ್ಲಿ ಅದೇ ಕೈಚೀಲ ಮೇಜಿನ ಮೇಲೆ ಬಂದಾಗಲೂ ಅದನ್ನು ಹೆಣೆದಾಕೆಗೆ ಕೂಲಿ ಎಷ್ಟು ಎಂಬ ಪ್ರಶ್ನೆ ಏಳುವುದಿಲ್ಲ. ಬಿಡುವಿನ ವೇಳೆಯಲ್ಲಿ ಮಾಡಿದ್ದು ತಾನೇ ಎಂದು ನಾವು ಸುಮ್ಮನಾಗುತ್ತೇವೆ. ಈ 'ಬಿಡುವು' ಎಂಬ ಮಾತು ನೋಡಲು ನಿರುಪದ್ರವಿ. ಆದರೆ ಕ್ರೋಶಾದ ಚರಿತ್ರೆಯಲ್ಲಿ ಅದು ಬಹಳ ದುಬಾರಿಯ ಮಾತಾಗಿ ಪರಿಣಮಿಸಿದೆ.

ಕ್ರೋಶಾ ಪುರಾತನ ಕಲೆಯೇನೂ ಅಲ್ಲ. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಸಣ್ಣ ಕೊಕ್ಕೆ ಎಂದರ್ಥ. ಒಂದೇ ಒಂದು ಕೊಕ್ಕೆಸೂಜಿ, ಒಂದು ಉಂಡೆ ನೂಲು, ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಇಷ್ಟೇ ಅದರ ಗುಟ್ಟು. ಯುರೋಪಿನಲ್ಲಿ ಇದು ಇಂದಿನ ರೂಪದಲ್ಲಿ ಕಾಣಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದರ ಮೂಲದ ಬಗ್ಗೆ ಹಲವು ವಾದಗಳಿವೆ. ಅವುಗಳಲ್ಲಿ ನಮಗೆ ಹತ್ತಿರದ್ದೊಂದಿದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆ ಹಾಕುವ ಕಸೂತಿ ಪೂರ್ವದೇಶಗಳಿಂದ ಹದಿನೆಂಟನೆಯ ಶತಮಾನದಲ್ಲಿ ಯುರೋಪಿಗೆ ಹೋಯಿತು, ಅಲ್ಲಿ ಯಾರೋ ಬಟ್ಟೆಯನ್ನೇ ಕೈಬಿಟ್ಟು ಬರೀ ನೂಲಿನ ಸರಪಳಿಯನ್ನು ಹೆಣೆಯತೊಡಗಿದರು ಎಂಬುದು ಆ ವಾದ. ಚೌಕಟ್ಟಿನ ಆ ಕಸೂತಿಯನ್ನು ನಾವು ಬಲ್ಲೆವು. ಇಂದು ಬೆಂಗಳೂರಿನಲ್ಲಿ ಮದುವೆಯ ರವಿಕೆಗಳಿಗೆ ಹಾಕಿಸುವ ಆರಿ ವರ್ಕ್ ಅದೇ ಕುಲದ್ದು. ಆ ಸೂಜಿ ಹಿಡಿದವರಲ್ಲಿ ನಮ್ಮ ಸಮುದಾಯದ ಕುಶಲಕರ್ಮಿಗಳು ತುಂಬ ಮಂದಿ ಇದ್ದಾರೆ.

ಶ್ರೀಮಂತ ಮನೆಗಳ ಹೆಂಗಸರ ಹವ್ಯಾಸವಾಗಿದ್ದ ಈ ಕೆಲಸ ಬಡವರ ಅನ್ನವಾದದ್ದು ಐರ್ಲೆಂಡಿನಲ್ಲಿ. 1845ರಲ್ಲಿ ಅಲ್ಲಿಯ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗಲಿತು. ಬಡ ರೈತರ ಊಟವೆಂದರೆ ಆಲೂಗಡ್ಡೆಯೇ. ಮುಂದಿನ ವರ್ಷಗಳಲ್ಲೂ ಬೆಳೆ ಕೈಕೊಟ್ಟಿತು. ಸುಮಾರು 85 ಲಕ್ಷ ಜನಸಂಖ್ಯೆಯ ಆ ನಾಡಿನಲ್ಲಿ ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಇನ್ನೂ ಹತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಅದೇ ವರ್ಷಗಳಲ್ಲಿ ಐರ್ಲೆಂಡಿನ ಬಂದರುಗಳಿಂದ ಧಾನ್ಯವೂ ಜಾನುವಾರುಗಳೂ ಇಂಗ್ಲೆಂಡಿಗೆ ರಫ್ತಾಗುತ್ತಲೇ ಇದ್ದವು. ಬ್ರಿಟಿಷರ ಕಾಲದ ನಮ್ಮ ಕ್ಷಾಮಗಳ ಕಥೆ ಓದಿದವರಿಗೆ ಇದರಲ್ಲಿ ಹೊಸತೇನೂ ಕಾಣದು.

ಕಾರ್ಕ್ ಪಟ್ಟಣದ ಬ್ಲ್ಯಾಕ್‌ರಾಕ್‌ನಲ್ಲಿದ್ದ ಉರ್ಸುಲೈನ್ ಸನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಶಾ ಕಲಿಸತೊಡಗಿದರು. 1847ರಲ್ಲಿ ಮೋನಾಗನ್ ಜಿಲ್ಲೆಯ ಕ್ಲೋನ್ಸ್ ಎಂಬ ಊರಿಗೆ ಪಾದ್ರಿಯ ಪತ್ನಿಯಾಗಿ ಬಂದ ಕಸಾಂಡ್ರಾ ಹ್ಯಾಂಡ್ ಬೇರೆ ಊರಿನಿಂದ ಕಲಿಸುವವರನ್ನು ಕರೆಸಿಕೊಂಡು ಅಲ್ಲಿಯೂ ಇದನ್ನು ಆರಂಭಿಸಿದರು. ಲಂಡನ್ನಿನಲ್ಲಿದ್ದ ಎಲಿಯನೋರ್ ರೀಗೋ ಎಂಬಾಕೆ, ತಾಯಿಯ ಕಡೆಯಿಂದ ಐರಿಷ್, ಕ್ರೋಶಾ ಮಾದರಿಗಳ ಪುಸ್ತಕಗಳನ್ನು ಒಂದರ ಮೇಲೊಂದರಂತೆ ಅಚ್ಚು ಹಾಕಿಸಿದರು. ಇಟಲಿಯ ವೆನಿಸ್ ನಗರದ ಸೂಜಿಲೇಸು ಶ್ರೀಮಂತರ ಮೋಹದ ವಸ್ತುವಾಗಿತ್ತು, ಆದರೆ ಅದನ್ನು ತಯಾರಿಸುವುದಕ್ಕೆ ಹಿಡಿಯುವ ಸಮಯ ಅಪಾರ. ನೋಡಲು ಅದರಂತೆಯೇ ಇರುವ ಲೇಸನ್ನು ಕೊಕ್ಕೆಸೂಜಿಯಿಂದ ಎಷ್ಟೋ ಪಾಲು ಬೇಗ ಹೆಣೆಯಬಹುದೆಂದು ತೋರಿಸಿಕೊಟ್ಟದ್ದೇ ಇವರ ಸಾಧನೆ. ಬಂಡವಾಳವೆಂದರೆ ಒಂದು ಕಡ್ಡಿ ಮತ್ತು ನೂಲು. ಗುಡಿಸಲಿನಲ್ಲಿ ಕೂತು ಮಾಡಬಹುದು, ಮಗುವನ್ನು ಮಡಿಲಲ್ಲಿಟ್ಟುಕೊಂಡೂ ಮಾಡಬಹುದು. ಹೊಗೆ ಮತ್ತು ಮಸಿಯಿಂದ ಕಪ್ಪಾದ ಹೆಣಿಗೆಯನ್ನು ಕೊನೆಯಲ್ಲಿ ಒಗೆದು ಬಿಳಿಚಿಸಿದರಾಯಿತು.

ಕ್ಲೋನ್ಸ್ ಸುತ್ತಮುತ್ತ ಕೆಲಸ ಹಂಚಿಕೊಂಡ ಬಗೆ ಕುತೂಹಲಕರವಾಗಿದೆ. ಒಂದು ಮನೆಯವರು ಗುಲಾಬಿಯನ್ನಷ್ಟೇ ಹೆಣೆಯುವರು, ಇನ್ನೊಂದು ಮನೆಯವರು ಎಲೆಯನ್ನು, ಮತ್ತೊಬ್ಬರು ದ್ರಾಕ್ಷಿ ಗೊಂಚಲನ್ನು. ತಮ್ಮ ಹೂವಿನ ವಿನ್ಯಾಸವನ್ನು ನೆರೆಮನೆಯವರಿಗೂ ತೋರಿಸದೆ ಗುಟ್ಟಾಗಿಟ್ಟ ಮನೆತನಗಳಿದ್ದವು. ಬಿಡಿ ಹೂಗಳನ್ನೆಲ್ಲ ಬಲೆಯ ಮೇಲೆ ಸೇರಿಸಿ ಕಾಲರು, ಶಾಲು, ಅಂಗಿಗಳನ್ನಾಗಿ ಮಾಡುವವರು ಬೇರೆ. 'ಕ್ಲೋನ್ಸ್ ಗಂಟು' ಎಂಬ ಹೆಸರು ಇಂದಿಗೂ ಕ್ರೋಶಾ ಹೆಣೆಯುವವರ ಬಾಯಲ್ಲಿದೆ. ಅದನ್ನು ಮೊದಲು ಹೆಣೆದ ಹೆಂಗಸಿನ ಹೆಸರು ಮಾತ್ರ ಉಳಿದಿಲ್ಲ.

ಇದೇ 1847ರ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಲೇಬೇಕು. ಉಸ್ಮಾನಿ ಖಲೀಫ ಸುಲ್ತಾನ್ ಅಬ್ದುಲ್ ಮಜೀದ್ ಐರ್ಲೆಂಡಿನ ಕ್ಷಾಮ ಪರಿಹಾರಕ್ಕೆ ಸಾವಿರ ಪೌಂಡುಗಳನ್ನು ಕಳುಹಿಸಿದರು. ಅಲ್ಲಿನ ಗಣ್ಯರು ಸಹಿ ಹಾಕಿ ಕಳುಹಿಸಿದ ಕೃತಜ್ಞತಾ ಪತ್ರ ಟರ್ಕಿಯ ದಫ್ತರಗಳಲ್ಲಿ ಭದ್ರವಾಗಿದೆ. ಸುಲ್ತಾನರು ಹತ್ತು ಸಾವಿರ ಕೊಡಬಯಸಿದ್ದರು, ವಿಕ್ಟೋರಿಯಾ ರಾಣಿ ಕೊಟ್ಟದ್ದು ಎರಡೇ ಸಾವಿರವಾದ್ದರಿಂದ ಅವರ ಕೊಡುಗೆಯನ್ನು ತಗ್ಗಿಸುವಂತೆ ಬ್ರಿಟಿಷ್ ಅಧಿಕಾರಿಗಳು ಕೇಳಿಕೊಂಡರು ಎಂಬ ಕಥೆಯೂ ಪ್ರಚಲಿತವಾಗಿದೆ. ಧಾನ್ಯ ತುಂಬಿದ ಹಡಗುಗಳು ದ್ರೋಹಡ ಬಂದರಿಗೆ ಬಂದವೆಂದೂ, ಅದರ ನೆನಪಿಗೇ ಆ ಊರಿನ ಲಾಂಛನದಲ್ಲಿ ಚಂದ್ರ-ತಾರೆ ಇದೆಯೆಂದೂ ನಮ್ಮವರು ಹೆಮ್ಮೆಯಿಂದ ಹೇಳುವುದುಂಟು. ಆ ಚಂದ್ರ-ತಾರೆ ಕ್ಷಾಮಕ್ಕಿಂತ ಶತಮಾನಗಳಷ್ಟು ಹಳೆಯದು. ಸಾವಿರ ಪೌಂಡಿನ ನಿಜವೇ ಸಾಕಷ್ಟು ದೊಡ್ಡದಿರುವಾಗ ಅದಕ್ಕೆ ರೆಕ್ಕೆಪುಕ್ಕ ಕಟ್ಟುವ ಅಗತ್ಯವೇನಿದೆ? ತಾವೇ ನೆಲ ಕಳೆದುಕೊಂಡು ಗಡಿಪಾರಾಗಿದ್ದ ಅಮೆರಿಕದ ಚೋಕ್ಟಾ ಮೂಲನಿವಾಸಿಗಳೂ ಆ ವರ್ಷ ತಮ್ಮಲ್ಲಿದ್ದ ಡಾಲರುಗಳನ್ನು ಕೂಡಿಸಿ ಐರ್ಲೆಂಡಿಗೆ ಕಳುಹಿಸಿದರು.

ದೂರದಿಂದ ಬಂದ ನೆರವಿನ ಹಣ ರೊಟ್ಟಿಯಾಗಿ ಮುಗಿಯಿತು. ಕೊಕ್ಕೆಸೂಜಿ ಉಳಿಯಿತು. ಆದರೆ ಅದರ ಜೊತೆಗೆ ದಲ್ಲಾಳಿಯೂ ಬಂದ. ಪರೋಪಕಾರದ ಮನಸ್ಸಿನಿಂದ ಹುಟ್ಟಿದ ಕೆಲಸ ಫ್ಯಾಶನ್ನಿನ ಪೇಟೆಯನ್ನು ಸೇರಿದ ಮೇಲೆ ಪ್ಯಾರಿಸ್ಸಿನಲ್ಲಿ ಕಾಲರಿನ ಮಾದರಿ ಬದಲಾದರೆ ಮೋನಾಗನ್ನಿನ ಗುಡಿಸಲಿನಲ್ಲಿ ಒಲೆ ಆರುತ್ತಿತ್ತು. 1880ರ ದಶಕದಲ್ಲಿ ಯಂತ್ರದ ಕಸೂತಿಯಿಂದಲೇ ಐರಿಷ್ ಲೇಸಿನಂತೆ ಕಾಣುವ ಅಗ್ಗದ ನಕಲುಗಳು ಬಂದವು. ಮೊದಲ ಮಹಾಯುದ್ಧದ ಹೊತ್ತಿಗೆ ಆ ಉದ್ಯಮ ಬಹುಮಟ್ಟಿಗೆ ಕುಸಿದಿತ್ತು.

ನಮ್ಮ ನೆರೆಯ ಆಂಧ್ರದ ಗೋದಾವರಿ ತೀರದಲ್ಲಿ ಈ ಕಥೆ ಇನ್ನೂ ಮುಗಿದಿಲ್ಲ. ಸ್ಕಾಟ್ಲೆಂಡಿನ ಮಿಶನರಿ ಮೆಕ್ರೇ ದಂಪತಿ 1844ರ ಸುಮಾರಿಗೆ ಅಲ್ಲಿ ಲೇಸು ಕಲಿಸತೊಡಗಿದರೆಂದು ಹೇಳಲಾಗುತ್ತದೆ. ಮೊದಲು ಕಲಿತವರು ಬಡ ಕ್ರೈಸ್ತ ಹೆಣ್ಣುಮಕ್ಕಳು, ಹೆಚ್ಚಿನವರು ದಲಿತ ಮೂಲದವರು. ನೂಲನ್ನು ಮಿಶನ್ನಿನವರೇ ಕೊಡುತ್ತಿದ್ದರು, ಹೆಣೆದದ್ದನ್ನು ವಿಲಾಯತಿಯ ತಮ್ಮ ಪರಿಚಿತರ ಮೂಲಕ ಮಾರಿಸುತ್ತಿದ್ದರು. ಕೊಂಡವರ ದೃಷ್ಟಿಯಲ್ಲಿ ಅದು ಅರ್ಧ ಖರೀದಿ, ಅರ್ಧ ದಾನ. ಇಪ್ಪತ್ತನೆಯ ಶತಮಾನ ಬಂದಂತೆ ದಾನದ ಅರ್ಧ ಬಿದ್ದುಹೋಗಿ ವ್ಯಾಪಾರವಷ್ಟೇ ಉಳಿಯಿತು. ನರಸಾಪುರ ರಫ್ತಿನ ಕೇಂದ್ರವಾಯಿತು. ಕೆಲಸ ಕಾಪು ಜಾತಿಯ ಮನೆಗಳಿಗೂ ಹರಡಿತು.

1978-79ರಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಈ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. 1982ರಲ್ಲಿ ಪ್ರಕಟವಾದ ಅವರ ಪುಸ್ತಕ ಮಹಿಳಾ ದುಡಿಮೆಯ ಕುರಿತ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಅವರು ಕಂಡದ್ದೇನು? ಲಕ್ಷಕ್ಕೂ ಮಿಕ್ಕಿದ ಹೆಂಗಸರು ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹೆಣೆಯುತ್ತಿದ್ದರು. ಅಡುಗೆ, ನೀರು, ಮಕ್ಕಳು, ದನಕರು ಇದರ ಹೊರಗಿನ ಕೆಲಸ. ಇಷ್ಟಕ್ಕೆ ಸರಾಸರಿ ದಿನಗೂಲಿ ಒಂದು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ರಫ್ತುದಾರರನ್ನು ಕೇಳಿದರೆ ಇವರು ಗೃಹಿಣಿಯರು, ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುತ್ತಾರೆ ಎಂಬ ಉತ್ತರ. ಜನಗಣತಿಯ ಲೆಕ್ಕಕ್ಕೂ ಇವರಲ್ಲಿ ಬಹುಪಾಲು ಮಂದಿ ದುಡಿಯುವವರಾಗಿ ಸಿಗಲಿಲ್ಲ. ದೇಶಕ್ಕೆ ವಿದೇಶಿ ವಿನಿಮಯ ತರುವವರು ಸರಕಾರಿ ಕಾಗದದಲ್ಲಿ ಸುಮ್ಮನೆ ಮನೆಯಲ್ಲಿರುವವರು!

ಮೀಸ್ ಎತ್ತಿದ ಇನ್ನೊಂದು ಅಂಶ ನಮ್ಮನ್ನು ಹೆಚ್ಚು ಚುಚ್ಚಬೇಕು. ಕಾಪು ಹೆಂಗಸರು ಹೊಲಕ್ಕೆ ಹೋಗುತ್ತಿರಲಿಲ್ಲ. ತಾವು 'ಗೋಶಾ' ಹೆಂಗಸರು ಎಂಬುದು ಅವರ ಅಭಿಮಾನ. ಗೋಶಾ ಎಂಬ ಪದವನ್ನು ನಮಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನ ಶಿವಾಜಿನಗರದ ಗೋಶಾ ಆಸ್ಪತ್ರೆಯ ಹೆಸರಿನಲ್ಲಿ ಅದು ಇಂದಿಗೂ ಇದೆ. ಹೊಲದಲ್ಲಿ ನಾಟಿ ಮಾಡುವ ದಲಿತ ಹೆಂಗಸಿಗೆ ಇವರಿಗಿಂತ ಹೆಚ್ಚು ಕೂಲಿ ಸಿಗುತ್ತಿತ್ತು. ಆದರೂ ಮನೆಯೊಳಗಿನ ಮರ್ಯಾದೆ ದೊಡ್ಡದೆಂದು ಇವರು ಲೇಸಿಗೇ ಅಂಟಿಕೊಂಡಿದ್ದರು. ವ್ಯಾಪಾರಿಗೆ ಬೇಕಾದದ್ದೂ ಅದೇ. ಒಬ್ಬೊಬ್ಬರೂ ತಮ್ಮ ತಮ್ಮ ಜಗಲಿಯಲ್ಲಿರುವಾಗ ಕೂಲಿ ಹೆಚ್ಚಿಸಿ ಎಂದು ಒಟ್ಟಾಗಿ ಕೇಳುವವರು ಯಾರು? ಮನೆಯ ಗೌರವವನ್ನು ಅಗ್ಗದ ಕೂಲಿಗೆ ನೆಪ ಮಾಡಿಕೊಳ್ಳುವ ಈ ಜಾಣತನ ಒಂದು ಜಾತಿಗೋ ಧರ್ಮಕ್ಕೋ ಸೀಮಿತವಲ್ಲ. ಪರ್ದಾದ ಹೆಸರಿನಲ್ಲಿ ಹೆಣ್ಣಿನ ದುಡಿಮೆಯನ್ನು ಕಡಿಮೆ ಬೆಲೆಗೆ ಕೊಳ್ಳುವವರು ನಮ್ಮ ನಡುವೆಯೂ ಇದ್ದಾರೆ.

ಇಸ್ಲಾಮಿನ ಆರಂಭದ ದಿನಗಳಲ್ಲಿ ಕೈಕೆಲಸಕ್ಕಿದ್ದ ಸ್ಥಾನ ಬೇರೆಯೇ ಆಗಿತ್ತು. ಪ್ರವಾದಿ(ಸ)ಯವರ ಪತ್ನಿ ಹ. ಝೈನಬ್ ಬಿಂತ್ ಜಹ್ಶ್(ರ) ಚರ್ಮ ಹದಮಾಡಿ, ಹೊಲಿದು, ಅದರಿಂದ ಬಂದುದನ್ನು ಬಡವರಿಗೆ ಕೊಡುತ್ತಿದ್ದರು. ನಿಮ್ಮಲ್ಲಿ ಉದ್ದನೆಯ ಕೈಯುಳ್ಳವರು ನನ್ನನ್ನು ಮೊದಲು ಸೇರುವರು ಎಂಬರ್ಥದ ಮಾತನ್ನು ಪ್ರವಾದಿ(ಸ) ಒಮ್ಮೆ ಪತ್ನಿಯರಿಗೆ ಹೇಳಿದ್ದರು. ಅವರು ಕೈಗಳನ್ನು ಅಳೆದು ನೋಡಿಕೊಂಡರಂತೆ. ಪ್ರವಾದಿಯವರ ಬಳಿಕ ಪತ್ನಿಯರ ಪೈಕಿ ಮೊದಲು ತೀರಿಕೊಂಡವರು ಝೈನಬ್(ರ). ಉದ್ದದ ಕೈ ಎಂದರೆ ದುಡಿದು ದಾನ ಮಾಡುವ ಕೈ ಎಂಬುದು ಆಗ ಅರ್ಥವಾಯಿತೆಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಈ ಪ್ರಸಂಗವನ್ನು ದಾನದ ಮಹತ್ವಕ್ಕಾಗಿ ನಮ್ಮ ಪ್ರವಚನಗಳಲ್ಲಿ ಹೇಳುತ್ತೇವೆ. ದಾನ ಮಾಡುವುದಕ್ಕೆ ಆ ದುಡಿಮೆಯ ಹಣ ಮೊದಲು ಆಕೆಯದೇ ಆಗಿತ್ತು ಎಂಬುದನ್ನು ಮಾತ್ರ ದಾಟಿಬಿಡುತ್ತೇವೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆ ಗಂಡಸರ ಬೆವರಿಗಷ್ಟೇ ಅನ್ವಯವೇ?

ದಕ್ಷಿಣ ಕನ್ನಡದಲ್ಲಿ ಮನೆಯ ದುಡಿಮೆಯನ್ನು ದುಡಿಮೆಯೆಂದು ಒಪ್ಪಿಸಿದ ಉದಾಹರಣೆ ಬೀಡಿಯದು. ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದ ಬ್ಯಾರಿ, ಬಿಲ್ಲವ ಮತ್ತಿತರ ಸಮುದಾಯಗಳ ಹೆಂಗಸರೂ ಜಗಲಿಯವರೇ. ಆದರೆ 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಪರಿಗಣಿಸಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಸಂಘಟನೆಗಳ ಹೋರಾಟದಿಂದ ಭವಿಷ್ಯನಿಧಿಯೂ ಸಿಕ್ಕಿತು. ತಂಬಾಕಿನ ಕೆಡುಕಿನ ಮಾತು ಬೇರೆ, ಅದನ್ನು ಸಮರ್ಥಿಸುವ ಉದ್ದೇಶ ನಮಗಿಲ್ಲ. ಲೇಸು ಹೆಣೆಯುವವರಿಗೆ ಇಂಥದ್ದೊಂದು ಪ್ರತ್ಯೇಕ ಕಾಯ್ದೆ ಬರಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಮನೆಯಲ್ಲಿ ದುಡಿಯುವವರಿಗಾಗಿ 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಸ್ಥಿರೀಕರಿಸಿಲ್ಲ.

ಕ್ರೋಶಾದ ವಿಷಯದಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಸ್ವೆಟರನ್ನು ಯಂತ್ರ ಹೆಣೆಯುತ್ತದೆ, ಕ್ರೋಶಾದಂತೆ ಕಾಣುವ ಬಲೆಯನ್ನೂ ಯಂತ್ರ ನೇಯುತ್ತದೆ. ಆದರೆ ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಕಾರ್ಖಾನೆಗಳಲ್ಲಿಲ್ಲ. ಅಂಗಡಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಗಲಿ, ಅದರ ಪ್ರತಿ ಕುಣಿಕೆಯನ್ನೂ ಒಂದು ಕೈ ಎಳೆದಿದೆ. ಅಗ್ಗವಾದದ್ದು ನೂಲಂತೂ ಅಲ್ಲ.

2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮೈಸೂರು ಮಲ್ಲಿಗೆಗೂ ಇಳಕಲ್ ಸೀರೆಗೂ ಇರುವಂಥದ್ದೇ ಮಾನ್ಯತೆ. ಬೇರೆ ಕಡೆಯ ಮಾಲನ್ನು ನರಸಾಪುರದ್ದೆಂದು ಮಾರುವುದನ್ನು ಅದು ತಡೆಯಬಲ್ಲದು. ಹೆಣೆದಾಕೆಗೆ ಒಂದು ಹೂವಿಗೆ ಎಷ್ಟು ಸಿಗಬೇಕೆಂಬುದನ್ನು ಅದು ಹೇಳುವುದಿಲ್ಲ.

ಹಾಗೆಂದು ಪ್ರೀತಿಯಿಂದ ಹೆಣೆದು ಕೊಡುವುದನ್ನೆಲ್ಲ ಕೂಲಿಯ ತಕ್ಕಡಿಗೆ ಹಾಕಬೇಕೆಂದು ನಾವು ಹೇಳುತ್ತಿಲ್ಲ. ಕೊಡುವವಳು ತಾನೇ ನಿರ್ಧರಿಸಿ ಕೊಟ್ಟರೆ ಅದು ಉಡುಗೊರೆ. ಅವಳ ಪರವಾಗಿ ಬೇರೆಯವರು ನಿರ್ಧರಿಸಿದರೆ ಆ ಹೆಸರು ಸಲ್ಲದು. ಡೆನ್ಮಾರ್ಕಿನಲ್ಲಿ 2013ರಲ್ಲಿ ಕೆಲವರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಪುಟ್ಟ ಆಕ್ಟೋಪಸ್ ಬೊಂಬೆಗಳನ್ನು ಹೆಣೆದು ಆಸ್ಪತ್ರೆಗಳಿಗೆ ಕೊಡತೊಡಗಿದರು, ಅದು ಹಲವು ದೇಶಗಳಿಗೆ ಹಬ್ಬಿತು. ಚೆನ್ನೈಯ ಸುಭಾಶ್ರೀ ನಟರಾಜನ್ ಕಟ್ಟಿದ ಕ್ರೋಶಾ ಬಳಗದ ಹೆಂಗಸರು ದೇಶವಿದೇಶಗಳ ತಮ್ಮ ತಮ್ಮ ಮನೆಗಳಲ್ಲಿ ಹೆಣೆದ ತುಂಡುಗಳನ್ನು 2016ರ ಜನವರಿಯಲ್ಲಿ ಒಂದೆಡೆ ಜೋಡಿಸಿದರು. ಹನ್ನೊಂದು ಸಾವಿರ ಚದರ ಮೀಟರಿಗೂ ದೊಡ್ಡದಾದ ಆ ಹೊದಿಕೆ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು. ಅಳತೆ ಮುಗಿದ ಮೇಲೆ ಅದನ್ನು ಮತ್ತೆ ಬಿಡಿಸಿ, ಕಂಬಳಿಗಳನ್ನಾಗಿ ಮಾಡಿ, ಹೊದೆಯಲು ಇಲ್ಲದವರಿಗೆ ಹಂಚಿದರು.